ಸಿಂಪರಣಾ ಯಂತ್ರ: ಖಾತರಿ ಪತ್ರ ಮತ್ತು ಮಾರಾಟದ ನಂತರದ ಸೇವೆ

ಔರಾದ ತಾಲ್ಲೂಕಿನ ಚಿಂತಾಕಿ ಭಾಗದಲ್ಲಿ ತೊಗರಿ ಮುಖ್ಯ ಬೆಳೆ. ಹೂ ಬಿಡುವ ಕಾಲಕ್ಕೆ ಕಾಯಿಕೊರಕದ ಬಾಧೆ ತೊಡಗುತ್ತದೆ. ಮರಿಹುಳು ಚಿಕ್ಕದಿರುವಾಗ ಸಿಂಪಡಿಸಿದರೆ ಹತೋಟಿ ಸುಲಭ. ಬಲಿತು ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಕಷ್ಟ. ಆ ವಾರದಲ್ಲಿ ಯಂತ್ರ ಕೆಟ್ಟು ನಿಂತರೆ ರಿಪೇರಿಯ ಖರ್ಚಿಗಿಂತ ಬೆಳೆಯ ನಷ್ಟವೇ ಹೆಚ್ಚಾಗಬಹುದು. ಆದ್ದರಿಂದ ಕೊಳ್ಳುವಾಗ ಬೆಲೆಯ ಜೊತೆಗೆ ಸೇವೆಯನ್ನೂ ತೂಗಿ ನೋಡಬೇಕು.

ಗಮನಿಸಬೇಕಾದ ಅಂಶಗಳು:

1. ಯಂತ್ರದ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು. ಖಾತರಿ ಪತ್ರದ ಮೇಲೆ ದಿನಾಂಕ, ಅಂಗಡಿಯ ಮೊಹರು ಇರಬೇಕು.

2. ಪಂಪು, ಬ್ಯಾಟರಿ, ಮೋಟಾರುಗಳಿಗೆ ಖಾತರಿ ಎಷ್ಟೆಷ್ಟು ತಿಂಗಳು ಎಂದು ಬೇರೆ ಬೇರೆಯಾಗಿ ಕೇಳಬೇಕು. ವಾಷರು, ನಾಜಲುಗಳಂತಹ ಸವೆಯುವ ಭಾಗಗಳಿಗೆ ಸಾಮಾನ್ಯವಾಗಿ ಖಾತರಿ ಇರುವುದಿಲ್ಲ. ಒಂದು ಜೊತೆ ಮನೆಯಲ್ಲಿರಲಿ.

3. ಬಿಡಿಭಾಗ ಔರಾದಿನಲ್ಲಿ ಸಿಗುವುದೋ, ಬೀದರಿಗೆ ಹೋಗಬೇಕೋ ಎಂಬುದನ್ನು ಮೊದಲೇ ತಿಳಿಯಬೇಕು.

4. ಪ್ರತಿ ಸಿಂಪರಣೆಯ ನಂತರ ಶುದ್ಧ ನೀರು ಹಾಯಿಸಿ ತೊಳೆಯಬೇಕು. ಖಾತರಿ ಅವಧಿಯಲ್ಲಿ ಬೇರೆಯವರಿಂದ ಯಂತ್ರ ಬಿಚ್ಚಿಸಿದರೆ ಖಾತರಿ ತಪ್ಪಬಹುದು.

5. ದೋಷ ಕಂಡರೆ ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಸ್ವಂತ ಜೀವನೋಪಾಯಕ್ಕಾಗಿ ಯಂತ್ರ ಕೊಂಡು ತಾನೇ ದುಡಿಯುವ ರೈತನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ. ಅಂಗಡಿಯವರು ಸ್ಪಂದಿಸದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ರಸೀದಿಯಿಲ್ಲದೆ ದೂರಿಗೆ ಬಲವಿಲ್ಲ. ಬಿತ್ತನೆ ಬೀಜದ ಚೀಲದ ಚೀಟಿಯಂತೆ ಅದನ್ನೂ ಜೋಪಾನವಾಗಿಡಬೇಕು.