ಮುಂಬೈಯಿಂದ ಬಿಜೂರಿಗೆ ಹೊರಡುವ ಮಕ್ಕಳಿಗೆ ಕಿವಿಮಾತು

ಬಿಜೂರು, ಉಪ್ಪುಂದ, ನಾವುಂದದ ಎಷ್ಟೋ ಮನೆಗಳ ಮಕ್ಕಳು ಹೋಟೆಲು, ಕ್ಯಾಂಟೀನು, ಆಫೀಸು ಅಂತ ಮುಂಬೈಯಲ್ಲಿದ್ದೀರಿ. ಊರು ಎಷ್ಟು ದೂರ ಎಂದರೆ ಎಂಟುನೂರು ಕಿಲೋಮೀಟರಿನ ಆಸುಪಾಸು ಅನ್ನುತ್ತೀರಿ. ಆ ಲೆಕ್ಕ ಹಿಡಿದು ಹೊರಟವರಿಗೆ ಮದುವೆಯ ಮುಹೂರ್ತ ಸಿಕ್ಕುವುದಿಲ್ಲ, ಊಟ ಮಾತ್ರ ಸಿಕ್ಕೀತು. ನಿಮ್ಮ ಬಾಗಿಲಿಂದ ನಮ್ಮ ಜಗಲಿಗೆ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ.

• ಮತ್ಸ್ಯಗಂಧ ರೈಲು ಕುರ್ಲಾದ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನದ ಮೇಲೆ ಹೊರಟು ನಸುಕಿಗೆ ಬೈಂದೂರು ಮುಟ್ಟುತ್ತದೆ. ಗಾಡಿಯಲ್ಲಿ ಹದಿಮೂರು ಗಂಟೆಯ ಲೆಕ್ಕವಾದರೂ ಲೋಕಲ್ಲು, ಕಾಯುವುದು, ಆಟೋ ಎಲ್ಲ ಸೇರಿ ಹದಿನೇಳು ಅಂತಲೇ ಇಟ್ಟುಕೊಳ್ಳಿ.

• ಬಿಜೂರಿಗೂ ಸ್ಟೇಷನ್ನಿದೆ, ಆದರೆ ಮತ್ಸ್ಯಗಂಧ ಅಲ್ಲಿ ನಿಲ್ಲುವುದಿಲ್ಲ. ಟಿಕೇಟಿಗೆ ‘ಮೂಕಾಂಬಿಕಾ ರೋಡ್ ಬೈಂದೂರು’ ಎಂದು ಹುಡುಕಿ. ಕುಂದಾಪುರದಲ್ಲಿ ಇಳಿಯುವುದಾದರೆ ಅಲ್ಲಿಯ ಸ್ಟೇಷನ್ ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ನಸುಕಿಗೆ ಇಳಿಯುವವರು ಹಿಂದಿನ ದಿನವೇ ಆಟೋದವರಿಗೆ ಹೇಳಿಡಿ.

• ನವಿಮುಂಬೈಯವರು ಕುರ್ಲಾಕ್ಕೆ ಓಡಬೇಡಿ, ಗಾಡಿ ಪನ್ವೇಲಿನಲ್ಲಿ ನಿಲ್ಲುತ್ತದೆ. ಆದರೆ ಟಿಕೇಟಿನಲ್ಲಿ ಹತ್ತುವ ಸ್ಟೇಷನ್ನೂ ಪನ್ವೇಲ್ ಎಂದೇ ಇರಲಿ. ಇಲ್ಲದಿದ್ದರೆ ಬರ್ತು ಬೇರೆಯವರ ಪಾಲಾದೀತು.

• ಮಳೆಗಾಲದಲ್ಲಿ ಅದೇ ದಾರಿ ಉದ್ದವಾಗುತ್ತದೆ. ಗುಡ್ಡ ಕಡಿದು ಹಾಕಿದ ಹಳಿ, ಮಣ್ಣು ಜಾರುವ ಭಯಕ್ಕೆ ಗಾಡಿಯನ್ನು ನಿಧಾನ ಬಿಡುತ್ತಾರೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯೇ ಬೇರೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಬೇಸಿಗೆಯ ಸಮಯ ನೆನಪಿಟ್ಟುಕೊಂಡು ಸ್ಟೇಷನ್ನಿಗೆ ಹೋಗಬೇಡಿ.

• ಹೆಚ್ಚಿನ ಕಡೆ ಇರುವುದು ಒಂದೇ ಹಳಿ. ಎದುರು ಗಾಡಿಗೆ ದಾರಿ ಬಿಡಲು ನಿಂತರೆ ತಡವಾದದ್ದೇ. ಮುಹೂರ್ತದ ದಿನ ಬೆಳಿಗ್ಗೆ ಇಳಿಯುವ ಧೈರ್ಯ ಬೇಡ, ಹಿಂದಿನ ದಿನವೇ ಬನ್ನಿ.

• ಟಿಕೇಟು 60 ದಿನ ಮುಂಚೆ ತೆರೆಯುತ್ತದೆ. ಚೌತಿಗೆ ರತ್ನಗಿರಿ, ಸಿಂಧುದುರ್ಗದವರೆಲ್ಲ ಇದೇ ದಾರಿಯಲ್ಲಿ ಊರಿಗೆ ಹೊರಡುತ್ತಾರೆ. ಆ ವಾರದ ಟಿಕೇಟಿಗೆ ತತ್ಕಾಲ್ ನಂಬಬೇಡಿ.

• ವಿಮಾನ ಮೇಲೆ ಹಾರುವುದು ಒಂದೂವರೆ ಗಂಟೆ. ಆದರೆ ಬಜ್ಪೆ ವಿಮಾನ ನಿಲ್ದಾಣದಿಂದ ಬಿಜೂರಿಗೆ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರು, ಎರಡೂವರೆ ಮೂರು ಗಂಟೆ. ಅತ್ತ ಮುಂಬೈಯ ಟ್ರಾಫಿಕ್ಕು, ತಪಾಸಣೆ. ಒಟ್ಟು ಏಳೆಂಟು ಗಂಟೆಗೆ ಕಡಿಮೆಯಿಲ್ಲ. ಮಗು, ಮುದುಕರು ಜೊತೆಗಿದ್ದರೆ ಆ ದುಡ್ಡು ದಂಡವಲ್ಲ.

• ಸ್ವಂತ ಕಾರಿನಲ್ಲಿ ಬರುವವರು ಮ್ಯಾಪು ತೋರಿಸಿದ ಗಂಟೆಯನ್ನು ನಂಬಿ ಒಬ್ಬರೇ ಸ್ಟೀರಿಂಗ್ ಹಿಡಿಯಬೇಡಿ. ಅದು ಊಟ, ನಿದ್ರೆ, ಘಾಟಿಯ ಮಂಜು ಯಾವುದನ್ನೂ ಎಣಿಸುವುದಿಲ್ಲ. ರಾತ್ರಿ ಎಲ್ಲಾದರೂ ತಂಗಿ.

• 1998ರಲ್ಲಿ ಈ ರೈಲು ಬರುವ ಮೊದಲು ಬಸ್ಸಿನಲ್ಲಿ ಒಂದು ರಾತ್ರಿ, ಮರುದಿನದ ಹಗಲು ಕೂತು ಬರುತ್ತಿದ್ದೆವು. ಆಗ ಮಗನನ್ನು ಕಾಯುವವರು ಎರಡು ದಿನ ಕಾಯುತ್ತಿದ್ದರು. ಈಗಿನ ಹಿರಿಯರಿಗೆ ಅಷ್ಟು ತಾಳ್ಮೆಯಿಲ್ಲ. ಗಾಡಿ ತಡವಾದರೆ ಕಾರವಾರ ದಾಟುವಾಗಲೇ ಒಂದು ಫೋನು ಮಾಡಿ.

• ಮನೆಯಲ್ಲಿ ಯಾರಿಗಾದರೂ ಜೋರು ಹುಷಾರಿಲ್ಲ ಎಂಬ ಸುದ್ದಿ ಬಂದರೆ ಯಾವುದು ವೇಗದ್ದು ಎಂದು ನೋಡಬೇಡಿ, ಯಾವುದು ಮೊದಲು ಮುಟ್ಟಿಸುತ್ತದೆ ಎಂದು ನೋಡಿ. ನಾಳೆ ಸಂಜೆಯ ವಿಮಾನಕ್ಕಿಂತ ಇವತ್ತು ಸಂಜೆಯ ಬಸ್ಸೇ ಮುಂಚೆ ಬರುತ್ತದೆ.