ಕಿವಿಯ ಶಸ್ತ್ರಚಿಕಿತ್ಸೆಯೂ ಗಾಳಿಯಲ್ಲಿ ತೇಲುವ ಹನಿಗಳೂ

ಹನೂರಿನ ಸುತ್ತಣ ಹಳ್ಳಿಗಳ ಕಣಗಳಲ್ಲಿ ರಾಗಿ ತೂರುವುದನ್ನು ಗಮನಿಸಿ. ಮೊರದಿಂದ ಸುರಿದ ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ. ಹೊಟ್ಟು ಗಾಳಿಯೊಡನೆ ಸರಿದು ಅತ್ತ ಬೀಳುತ್ತದೆ. ನವುರಾದ ಧೂಳಾದರೋ ಬಹಳ ಹೊತ್ತು ತೇಲುತ್ತಲೇ ಇರುತ್ತದೆ. ಯಳಂದೂರಿನ ಕಡೆಯಿಂದ ಮುಂಜಾನೆ ಬಿಳಿಗಿರಿರಂಗನ ಬೆಟ್ಟವನ್ನು ನೋಡಿದರೆ ಇಂತಹುದೇ ಇನ್ನೊಂದು ದೃಶ್ಯ ಕಾಣುತ್ತದೆ. ಅಲ್ಲಿ ಕವಿದಿರುವ ಮಂಜು ಆವಿಯಲ್ಲ, ನೀರಿನ ಹನಿಗಳ ಸಮೂಹ. ಮಳೆಯ ಹನಿ ಬೀಳುತ್ತದೆ, ಮಂಜಿನ ಹನಿ ನಿಂತಂತಿರುತ್ತದೆ. ಎರಡೂ ನೀರೇ ಆಗಿರುವಾಗ ಈ ಭೇದವೇಕೆ? ಈ ಪ್ರಶ್ನೆಯ ಉತ್ತರವು ಕಿವಿಯ ಶಸ್ತ್ರಚಿಕಿತ್ಸೆ ನಡೆಯುವ ಕೊಠಡಿಯಲ್ಲಿ ಹಲವರ ಆರೋಗ್ಯವನ್ನು ಕಾಯುತ್ತದೆ.

ಕಿವಿಗೆ ಬೈರಿಗೆಯೇಕೆ?

ಕಿವಿ ಸೋರುವ ರೋಗವು ನಮ್ಮ ಹಳ್ಳಿಗಳ ಮಕ್ಕಳಲ್ಲಿ ಅಪರೂಪವಲ್ಲ. ಕಾಯಿಸಿದ ಎಣ್ಣೆ ಬಿಟ್ಟು ಸುಮ್ಮನಾಗುವುದು ಅಪಾಯಕರ. ಏಕೆಂದರೆ ಈ ರೋಗದ ಒಂದು ಬಗೆ ಎಲುಬನ್ನೇ ಸವೆಸುತ್ತದೆ, ಮಧ್ಯಕಿವಿಗೂ ಮಿದುಳಿಗೂ ನಡುವೆ ಇರುವುದು ತೆಳುವಾದ ಎಲುಬಿನ ಪದರ ಮಾತ್ರ. ಆಗ ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಎಲುಬನ್ನು ಕೊರೆದು ರೋಗವನ್ನು ತೆಗೆಯಬೇಕಾಗುತ್ತದೆ. ೧೮೭೩ರಲ್ಲಿ ಜರ್ಮನಿಯ ಷ್ವಾರ್ಟ್ಸೆ ಎಂಬ ವೈದ್ಯರು ಈ ಚಿಕಿತ್ಸೆಯ ಕ್ರಮವನ್ನು ವಿವರಿಸಿದಾಗ ಬಳಕೆಯಲ್ಲಿದ್ದುದು ಉಳಿ ಮತ್ತು ಸುತ್ತಿಗೆ. ಈಗ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಬೈರಿಗೆ ಬಂದಿದೆ. ಎಲುಬೂ ಸಮೀಪದ ಮುಖದ ನರವೂ ಘರ್ಷಣೆಯ ಶಾಖದಿಂದ ಕೆಡದಂತೆ ಅದರ ಮೇಲೆ ಎಡೆಬಿಡದೆ ನೀರು ಹರಿಸುತ್ತಾರೆ. ತಿರುಗುವ ಮೊನೆಗೆ ತಾಗಿದ ನೀರು ಸಿಡಿದು, ರಕ್ತವನ್ನೂ ಎಲುಬಿನ ಪುಡಿಯನ್ನೂ ಕೂಡಿಸಿಕೊಂಡು ತುಂತುರಾಗುತ್ತದೆ.

ಮಧ್ಯಕಿವಿಯು ಯುಸ್ಟೇಷಿಯನ್ ನಾಳದ ಮೂಲಕ ಮೂಗಿನ ಹಿಂಭಾಗಕ್ಕೆ ಕೂಡಿಕೊಂಡಿದೆ. ಆದುದರಿಂದ ಮೂಗಿನ ರೋಗಾಣು ಕಿವಿಯನ್ನೂ ಸೇರಬಹುದು. ೨೦೨೦ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಕೋವಿಡ್‌ನಿಂದ ಮಡಿದ ಮೂವರ ಕಿವಿಗಳನ್ನು ಪರೀಕ್ಷಿಸಿದಾಗ ಇಬ್ಬರಲ್ಲಿ ಆ ವೈರಸ್ ಕಂಡುಬಂದಿತು. ಕೊರೆಯುವಾಗ ಅದು ಹನಿಗಳೊಡನೆ ಹೊರಬರಬಹುದೆಂಬ ಶಂಕೆಗೆ ಇದರಿಂದ ಆಧಾರ ದೊರೆಯಿತು.

ಹನಿ ಬೀಳುವ ವೇಗ

ಬೀಳುತ್ತಿರುವ ಹನಿಯನ್ನು ಗುರುತ್ವವು ಕೆಳಕ್ಕೆ ಎಳೆಯುತ್ತದೆ. ಗಾಳಿಯ ಸ್ನಿಗ್ಧತೆಯು ತಡೆಯುತ್ತದೆ. ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿ ಪ್ರಕಟಿಸಿದ ನಿಯಮದಂತೆ ಈ ತಡೆಯು ತ್ರಿಜ್ಯಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತದೆ. ತ್ರಿಜ್ಯ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಅದೇ ವೇಗದಲ್ಲಿ ತಡೆಯಾದರೋ ಎರಡರಷ್ಟು ಮಾತ್ರ. ಆದುದರಿಂದ ಇವೆರಡೂ ಸಮನಾಗುವ ವೇಗವು ನಾಲ್ಕರಷ್ಟಾಗುತ್ತದೆ. ಅಂದರೆ ಬೀಳುವ ವೇಗವು ವ್ಯಾಸದ ವರ್ಗವನ್ನು ಅನುಸರಿಸುತ್ತದೆ.

ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಿಶ್ಚಲವಾದ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ೧೦೦ ಮೈಕ್ರಾನಿನ ಹನಿ ಸುಮಾರು ೬ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ೧೦ ಮೈಕ್ರಾನಿನ ಹನಿಗೆ ಸುಮಾರು ೮ ನಿಮಿಷ ಬೇಕು. ೧ ಮೈಕ್ರಾನಿನ ಕಣಕ್ಕೋ ಸುಮಾರು ೧೨ ಗಂಟೆ! ಇದರ ಜೊತೆಗೆ, ವೆಲ್ಸ್ ಎಂಬವರು ೧೯೩೪ರಲ್ಲಿ ತೋರಿಸಿದಂತೆ, ಸಣ್ಣ ಹನಿಯು ಬೀಳುವ ಮೊದಲೇ ಆರಿ ಇನ್ನೂ ಕಿರಿದಾಗುತ್ತದೆ. ನೀರು ಹೋದರೂ ಅದರೊಳಗಿನ ರೋಗಾಣು ಉಳಿಯಬಹುದು. ಆದುದರಿಂದ ಕಣ್ಣಿಗೆ ಕಾಣುವ ದೊಡ್ಡ ಹನಿಗಳನ್ನು ಒರೆಸಿಬಿಟ್ಟರೆ ಸಾಲದು. ಕಾಣದ ಹನಿಯೇ ದೂರ ಹೋಗುವುದು.

ಮೂರು ಕಾವಲುಗಳು

ಮೊದಲನೆಯದು, ಹುಟ್ಟುವಲ್ಲಿಯೇ ಹಿಡಿಯುವುದು. ಬೈರಿಗೆಯ ಮೊನೆಯ ಹತ್ತಿರವೇ ಹೀರುವ ಕೊಳವೆಯನ್ನಿಟ್ಟು ನೀರನ್ನೂ ತುಂತುರನ್ನೂ ಒಳಗೆಳೆಯುತ್ತಾರೆ. ಸೂಕ್ಷ್ಮದರ್ಶಕದಿಂದ ಪಾರದರ್ಶಕ ಹಾಳೆಯನ್ನು ಇಳಿಬಿಟ್ಟು, ಗಾಯದ ಸುತ್ತ ಸಣ್ಣ ಡೇರೆಯಂತೆ ಮಾಡುವ ವಿಧಾನವನ್ನು ೨೦೨೦ರಿಂದೀಚೆಗೆ ಹಲವು ದೇಶಗಳ ಶಸ್ತ್ರವೈದ್ಯರು ಪರೀಕ್ಷಿಸಿದ್ದಾರೆ.

ಎರಡನೆಯದು, ಕೊಠಡಿಯ ಗಾಳಿಯನ್ನು ಬದಲಾಯಿಸುವುದು. ಕೊಠಡಿಯ ಗಾತ್ರದಷ್ಟು ಹೊಸ ಗಾಳಿ ಒಮ್ಮೆ ಬಂದರೆ ಹಳೆಯದೆಲ್ಲ ಹೊರಟುಹೋಯಿತೆಂದು ತಿಳಿಯಬಾರದು. ಹೊಸದು ಹಳೆಯದರೊಡನೆ ಬೆರೆಯುವುದರಿಂದ ನೂರರಲ್ಲಿ ೩೭ ಪಾಲು ಕಣಗಳು ಇನ್ನೂ ಉಳಿದಿರುತ್ತವೆ. ಗಂಟೆಗೆ ೬ ಸಲ ಗಾಳಿ ಬದಲಾದರೆ ನೂರರಲ್ಲಿ ೯೯ ಪಾಲು ತೊಲಗಲು ೪೬ ನಿಮಿಷ ಬೇಕು. ೧೨ ಸಲವಾದರೆ ೨೩ ನಿಮಿಷ.

ಮೂರನೆಯದು, ಉಸಿರನ್ನು ಸೋಸುವುದು. ಎನ್-೯೫ ಮುಖಗವಸು ೦.೩ ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ನೂರಕ್ಕೆ ೯೫ನ್ನು ತಡೆಯುತ್ತದೆ. ಇದು ಜರಡಿಯಂತೆ ಕೆಲಸಮಾಡುವುದಿಲ್ಲ. ದೊಡ್ಡ ಕಣವು ಜಡತ್ವದಿಂದ ತಿರುವಿನಲ್ಲಿ ತಿರುಗಲಾರದೆ ಎಳೆಗೆ ಬಡಿಯುತ್ತದೆ. ತೀರ ಸಣ್ಣದು ಬ್ರೌನ್ ಚಲನೆಯಿಂದ ಅತ್ತಿತ್ತ ತಡಕಾಡಿ ಸಿಕ್ಕಿಬೀಳುತ್ತದೆ. ನಡುವಿನ ಗಾತ್ರದ್ದೇ ಹಿಡಿಯಲು ಕಷ್ಟ. ಆದುದರಿಂದಲೇ ಪರೀಕ್ಷೆಗೆ ಅದನ್ನು ಆರಿಸಿದ್ದಾರೆ. ಗವಸು ಮುಖಕ್ಕೆ ಬಿಗಿಯಾಗಿ ಕೂಡದಿದ್ದರೆ ಸಂದಿನಿಂದ ನುಗ್ಗುವ ಗಾಳಿಗೆ ಸೋಸಣಿಕೆಯೇ ಇರುವುದಿಲ್ಲ.

೨೦೨೦ರಲ್ಲಿ ತುರ್ತಲ್ಲದ ಅನೇಕ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆದರೆ ಎಲುಬನ್ನು ಸವೆಸುವ ರೋಗವು ಕಾಯುವುದಿಲ್ಲ. ಕೊಳ್ಳೇಗಾಲದ ಹಳ್ಳಿಯೊಂದರಿಂದ ಚಾಮರಾಜನಗರಕ್ಕೋ ಮೈಸೂರಿಗೋ ಹೋಗುವ ಮಗುವಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯಬೇಕಾದರೆ, ಚಿಕಿತ್ಸೆ ಮಾಡುವವರೂ ಸುರಕ್ಷಿತವಾಗಿರಬೇಕು.

ಓದುಗರು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಗಂಟೆಗೆ ೨೦ ಸಲ ಗಾಳಿ ಬದಲಾಗುವ ಕೊಠಡಿಯಲ್ಲಿ ನೂರರಲ್ಲಿ ೯೯ ಪಾಲು ಕಣಗಳು ತೊಲಗಲು ಎಷ್ಟು ಹೊತ್ತು ಬೇಕು? ಸುಮಾರು ೧೪ ನಿಮಿಷವೆಂದು ಉತ್ತರ ಬಂದರೆ ಲೆಕ್ಕ ಸರಿ. ಮುಂದಿನ ರೋಗಿಯನ್ನು ಒಳಗೆ ಕರೆತರುವ ಮೊದಲು ಎಷ್ಟು ಹೊತ್ತು ಕಾಯಬೇಕೆಂಬುದನ್ನು ತಿಳಿಸುವುದು ಇಂತಹ ಲೆಕ್ಕವೇ.