ಹಳೆಯ ಎಂಟಿಬಿಗೆ ಬೇರೆ ಅಳತೆಯ ಚಕ್ರ: ಕೊಳ್ಳುವ ಮೊದಲು ಬ್ರೇಕ್ ನೋಡಿ

ಹತ್ತಿಪ್ಪತ್ತು ವರ್ಷ ಹಳೆಯ 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಫ್ರೇಮು ಗಟ್ಟಿಮುಟ್ಟಾಗಿದ್ದರೆ ಅದನ್ನು ಗುಜರಿಗೆ ಹಾಕಬಾರದು. ಬೆಸುಗೆ ಬಿರುಕು ಬಿಟ್ಟಿಲ್ಲ, ಪೈಪು ತುಕ್ಕು ಹಿಡಿದು ತೂತಾಗಿಲ್ಲ ಎಂದಾದರೆ ಅದು ಇನ್ನೂ ಬಹಳ ವರ್ಷ ಓಡುತ್ತದೆ. ಇಂಥ ಸೈಕಲ್ಲನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಸಿಗುವ ಮೊದಲ ಸಲಹೆ, 27.5 ಅಥವಾ 29 ಇಂಚಿನ ಚಕ್ರ ಹಾಕಿಸಿ ಎಂಬುದು. ಕೆಲವು ಫ್ರೇಮುಗಳ ಮಟ್ಟಿಗೆ ಅದು ಒಳ್ಳೆಯ ಸಲಹೆಯೇ. ಹೆಚ್ಚಿನವುಗಳ ಮಟ್ಟಿಗೆ ದುಡ್ಡು ದಂಡ, ಕೆಲವೊಮ್ಮೆ ಅಪಾಯ ಕೂಡ. ಹಲವರು ಫ್ರೇಮಿನೊಳಗೆ ಚಕ್ರ ಹಿಡಿಸುತ್ತದೆಯೇ ಎಂದಷ್ಟೇ ನೋಡಿ ಹಣ ಹಾಕುತ್ತಾರೆ. ಮೊದಲು ನೋಡಬೇಕಾದ್ದು ಬ್ರೇಕು. ರಿಮ್ಮನ್ನು ಹಿಡಿಯುವ ಬ್ರೇಕ್ ಇರುವ ಹಳೆಯ ಫ್ರೇಮಿನಲ್ಲಿ ಚಕ್ರದ ಅಳತೆ ಬದಲಿಸುವುದಕ್ಕಿಂತ ಟೈರು ಬದಲಿಸುವುದೇ ಸರಿಯಾದ ದಾರಿ. ಇದು ಏಕೆಂಬುದನ್ನು ಅಳತೆಗಳೇ ಹೇಳುತ್ತವೆ.

ಹಾಗಾಗಿ ಮೊದಲ ಕೆಲಸ, ಈಗಿರುವ ಟೈರಿನ ಪಕ್ಕವನ್ನು ಒರೆಸಿ ಅದರ ಮೇಲಿನ ಅಂಕಿ ಓದುವುದು. ದೊಡ್ಡದಾಗಿ 26x2.1 ಎಂದಿರುತ್ತದೆ, ಹತ್ತಿರದಲ್ಲೇ ಸಣ್ಣದಾಗಿ 54-559 ಎಂಬಂಥ ಇನ್ನೊಂದು ಅಳತೆ ಇರುತ್ತದೆ. ನಂಬಬೇಕಾದ್ದು ಈ ಎರಡನೆಯದನ್ನು. ಇದರಲ್ಲಿ 54 ಎಂದರೆ ಟೈರಿನ ದಪ್ಪ, 559 ಎಂದರೆ ಟೈರಿನ ಅಂಚಿನ ತಂತಿ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 27.5 ಇಂಚು ಎಂದು ಕರೆಯುವ ಚಕ್ರದಲ್ಲಿ ಈ ವ್ಯಾಸ 584. ಇದಕ್ಕೆ 650ಬಿ ಎಂಬ ಹಳೆಯ ಫ್ರೆಂಚ್ ಹೆಸರೂ ಇದೆ. 29 ಇಂಚಿನದರಲ್ಲಿ 622. ರೋಡ್ ಸೈಕಲ್ಲುಗಳ 700ಸಿ ಕೂಡ ಇದೇ 622. ರಿಮ್ಮಿನ ಅಗಲ ಬೇರೆ ಇರಬಹುದು, ವ್ಯಾಸ ಒಂದೇ. ಇಂಚಿನ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆಂದರೆ, ನಮ್ಮಲ್ಲಿ ಬಹುಕಾಲದಿಂದ ಇರುವ 26x1⅜ ಟೈರಿನ ವ್ಯಾಸ 590. ಅದು ಎಂಟಿಬಿಯ 26ರ ರಿಮ್ಮಿಗೆ ಯಾವ ಕಾರಣಕ್ಕೂ ಕೂರದು. ಹಾಲಿನವರು, ಅಂಚೆಯವರು ಓಡಿಸುತ್ತಿದ್ದ ಕರಿ ಸೈಕಲ್ಲಿನ 28x1½ ಟೈರು 635. ಹೆಸರಿನಲ್ಲಿ 29ಕ್ಕಿಂತ ಚಿಕ್ಕದು, ರಿಮ್ಮಿನಲ್ಲಿ ದೊಡ್ಡದು. ಹಾಗಾಗಿ ಅಂಗಡಿಯಲ್ಲಿ ಇಂಚು ಹೇಳದೆ, ಈ ಮೂರಂಕಿಯ ಸಂಖ್ಯೆಯನ್ನು ಹೇಳಿ ಕೇಳಿ.

559 ಎಂಬ ಅಳತೆ ಎಂಟಿಬಿಗೆ ಬಂದದ್ದು ಅದು ಎಲ್ಲಕ್ಕಿಂತ ಉತ್ತಮ ಎಂದೇನೂ ಅಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮೊದಲಾದವರು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯಲು ಹಳೆಯ ಶ್ವಿನ್ ಸೈಕಲ್ಲುಗಳನ್ನು ಬಳಸಿದರು. ಶ್ವಿನ್ ಕಂಪನಿ 1933ರಲ್ಲಿ ತಂದ ದಪ್ಪ ಬಲೂನ್ ಟೈರು 559 ರಿಮ್ಮಿನದಾಗಿತ್ತು. ಕೈಗೆ ಸಿಕ್ಕ ದಪ್ಪ ಟೈರು ಅದೇ ಆದ್ದರಿಂದ ಅದೇ ಅಳತೆ ಉಳಿದುಕೊಂಡಿತು. ದೊಡ್ಡ ಚಕ್ರದ ಪರವಾಗಿ ಮಾತಾಡುವವರು ಈ ಚರಿತ್ರೆಯನ್ನು ಮುಂದಿಡುತ್ತಾರೆ, ಅದು ನಿಜವೂ ಹೌದು. ಆದರೆ ನಿಮ್ಮ ಮನೆಯಲ್ಲಿರುವ ಫ್ರೇಮು ಆ ಅಳತೆಗೇ ಬೆಸುಗೆಯಾಗಿದೆ. ಅದರ ಬ್ರೇಕಿನ ಗೂಟಗಳು ಆ ರಿಮ್ಮಿಗೆಂದೇ ಒಂದು ಎತ್ತರದಲ್ಲಿ ನಿಂತಿವೆ.

ಎರಡನೆಯ ಕೆಲಸ ಕಾಗದದ ಮೇಲಿನದು. ಚಕ್ರದ ಒಟ್ಟು ಹೊರ ವ್ಯಾಸ ತಿಳಿಯಲು ರಿಮ್ಮಿನ ಸಂಖ್ಯೆಗೆ ಟೈರಿನ ದಪ್ಪವನ್ನು ಎರಡು ಸಲ ಕೂಡಿಸಿದರೆ ಸಾಕು. ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ ಇರುತ್ತದೆ. 54-559ರ ಹೊರ ವ್ಯಾಸ 667 ಮಿ.ಮೀ. ಅದರ ಜಾಗಕ್ಕೆ 40-584 ಹಾಕಿದರೆ 664, ಅಂದರೆ ಸೈಕಲ್ಲಿನ ಎತ್ತರ ಬದಲಾಗುವುದೇ ಇಲ್ಲ ಎನ್ನಬಹುದು. 47-584 ಹಾಕಿದರೆ 678. 28-622 ಹಾಕಿದರೂ ಅದೇ 678. ಎರಡರಲ್ಲೂ ಆಕ್ಸಲ್ ಐದೂವರೆ ಮಿ.ಮೀ. ಮಾತ್ರ ಮೇಲೇರುತ್ತದೆ. ಆದರೆ 54-622, ಅಂದರೆ ಪೂರ್ಣಪ್ರಮಾಣದ 29x2.1 ಟೈರು ಹಾಕಲು ಹೋದರೆ 730 ಆಗಿ, ಸುತ್ತಲೂ ಮೂರು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬೇಕಾಗುತ್ತದೆ. 26ಕ್ಕೆಂದು ಮಾಡಿದ ಫ್ರೇಮಿನಲ್ಲಿ ಅಷ್ಟು ಜಾಗ ಇರುವುದಿಲ್ಲ. ಆದ್ದರಿಂದ 29 ಹಾಕಿಸಿದ್ದೇನೆ ಎನ್ನುವವರ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು ತೆಳ್ಳನೆಯ 700ಸಿ ಟೈರು. ರಿಮ್ಮು ದೊಡ್ಡದಾಯಿತು, ಗಾಳಿ ಹಿಡಿಯುವ ಜಾಗ ಕುಗ್ಗಿತು. ಹೊಂಡ ಬಿದ್ದ ರಸ್ತೆಯಲ್ಲಿ ಸವಾರನ ಬೆನ್ನನ್ನು ಕಾಯುವುದು ಆ ಗಾಳಿ.

ಇನ್ನು ಬ್ರೇಕಿಗೆ ಬರೋಣ. ವಿ-ಬ್ರೇಕ್ ಆಗಲಿ, ಅದಕ್ಕೂ ಹಳೆಯ ಕ್ಯಾಂಟಿಲಿವರ್ ಆಗಲಿ, ಫ್ರೇಮು ಮತ್ತು ಫೋರ್ಕಿಗೆ ಬೆಸೆದ ಎರಡು ಗೂಟಗಳ ಮೇಲೆ ಕೂತಿರುತ್ತದೆ. ಬ್ರೇಕ್ ರಬ್ಬರು ರಿಮ್ಮಿನ ಪಕ್ಕವನ್ನೇ ಹಿಡಿಯಬೇಕು. 559ರಿಂದ 584ಕ್ಕೆ ಹೋದರೆ ರಿಮ್ಮು ಆಕ್ಸಲ್ಲಿನಿಂದ 12.5 ಮಿ.ಮೀ. ದೂರ ಸರಿಯುತ್ತದೆ; 622ಕ್ಕೆ ಹೋದರೆ 31.5 ಮಿ.ಮೀ. ಬ್ರೇಕ್ ತೋಳಿನ ಸೀಳಿನಲ್ಲಿ ರಬ್ಬರನ್ನು ಮೇಲೆ ಕೆಳಗೆ ಜರುಗಿಸಲು ಇರುವ ಅವಕಾಶ ಒಂದು ಸೆಂಟಿಮೀಟರಿನ ಆಸುಪಾಸು, ಅದರಲ್ಲೂ ಅರ್ಧವನ್ನು ಈಗಿನ ಹೊಂದಿಕೆಯೇ ಬಳಸಿಕೊಂಡಿರುತ್ತದೆ. ಹೀಗಾಗಿ 622 ಆಗದ ಮಾತು. 584ಕ್ಕೆ ಉದ್ದ ಸೀಳಿನ ವಿಶೇಷ ಬ್ರೇಕ್ ಸಿಕ್ಕರೆ ಆಗಬಹುದು, ಮಾಮೂಲಿ ಬ್ರೇಕಿನಲ್ಲಿ ಬಹಳಷ್ಟು ಸಲ ಆಗದು. ಎಳೆದು ಬಗ್ಗಿಸಿ ಹೇಗೋ ತಾಗುವಂತೆ ಮಾಡಿದರೆ ಮೂರು ತೊಂದರೆ. ರಬ್ಬರು ಗೂಟದಿಂದ ದೂರ ಹೋದಷ್ಟೂ ತೋಳಿನ ಹಿಡಿತದ ಬಲ ಇಳಿಯುತ್ತದೆ. ರಬ್ಬರಿನ ಅಂಚು ಟೈರಿಗೆ ತಾಗಿದರೆ ಅದರ ಪಕ್ಕವನ್ನು ಕೊರೆದು, ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದ ಹೊತ್ತಿನಲ್ಲೇ ಟ್ಯೂಬು ಸಿಡಿಯಬಹುದು. ರಿಮ್ಮಿನ ಕೆಳ ಅಂಚಿನಲ್ಲಿ ಹಿಡಿಯುವಂತಿದ್ದರೆ ರಬ್ಬರು ಸವೆದಂತೆ ಜಾರಿ ಕಡ್ಡಿಗಳೊಳಗೆ ನುಗ್ಗಬಹುದು. ಮುಂದಿನ ಚಕ್ರದಲ್ಲಿ ಹೀಗಾದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಇಲ್ಲಿ ರಾಜಿಗೆ ಜಾಗವಿಲ್ಲ.

ಡಿಸ್ಕ್ ಬ್ರೇಕ್ ಇದ್ದರೆ ಈ ತಾಪತ್ರಯವೆಲ್ಲ ಮಾಯ. ಡಿಸ್ಕಿನ ತಟ್ಟೆ ಹಬ್ಬಿಗೆ ಕಚ್ಚಿಕೊಂಡಿರುತ್ತದೆ. ರಿಮ್ಮು ಎಷ್ಟು ದೊಡ್ಡದಿದ್ದರೂ ತಟ್ಟೆಯ ಜಾಗ ಅದೇ. ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ ಡಿಸ್ಕ್ ಇರುವ 26 ಇಂಚಿನ ಫ್ರೇಮಿಗೆ 584 ಚಕ್ರ ಹಾಕುವುದು ಯೋಚಿಸಬಹುದಾದ ಕೆಲಸ. ಡಿಸ್ಕ್ ಇಲ್ಲದ ಫ್ರೇಮಿಗೆ, ಫೋರ್ಕಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಿವಿ ಬೆಸೆದು ಡಿಸ್ಕ್ ಕೂರಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ರಿಮ್ ಬ್ರೇಕಿನ ಒತ್ತಡ ಫೋರ್ಕಿನ ಎರಡೂ ಕಾಲುಗಳಿಗೆ ಮೇಲ್ಭಾಗದಲ್ಲಿ ಹಂಚಿಹೋಗುತ್ತದೆ. ಡಿಸ್ಕಿನದು ಒಂದೇ ಕಾಲಿನ ತುದಿಯ ಮೇಲೆ ಬೀಳುತ್ತದೆ. ಅದಕ್ಕೆಂದು ದಪ್ಪ ಮಾಡದ ಕಾಲು ಬಗ್ಗುತ್ತದೆ, ಇಲ್ಲವೇ ಬೆಸುಗೆಯ ಬುಡದಲ್ಲಿ ಮುರಿಯುತ್ತದೆ.

ಬ್ರೇಕಿನ ಪರೀಕ್ಷೆಯಲ್ಲಿ ಗೆದ್ದ ಫ್ರೇಮಿಗೆ ಮಾತ್ರ ಜಾಗದ ಪರೀಕ್ಷೆ ಮಾಡಿ. ಚಕ್ರ ಕೊಳ್ಳದೆಯೇ ಇದನ್ನು ರಟ್ಟಿನಿಂದ ಮಾಡಬಹುದು. ಹಾಕಬೇಕೆಂದಿರುವ ಚಕ್ರದ ಹೊರ ವ್ಯಾಸದ ಅರ್ಧದಷ್ಟು ಉದ್ದದ ರಟ್ಟಿನ ಪಟ್ಟಿ ಕತ್ತರಿಸಿ, ಒಂದು ತುದಿಗೆ ಟೈರಿನಷ್ಟೇ ಅಗಲದ ಅಡ್ಡಪಟ್ಟಿ ಅಂಟಿಸಿ, ಇನ್ನೊಂದು ತುದಿಯನ್ನು ಆಕ್ಸಲ್ ಕೂರುವ ಜಾಗದ ನಟ್ಟನಡುವೆ ಹಿಡಿದು ನಿಧಾನವಾಗಿ ತಿರುಗಿಸಿ. ಮೂರು ಕಡೆ ಗಮನಿಸಬೇಕು: ಪೆಡಲಿನಿಂದ ಹಿಂದಿನ ಆಕ್ಸಲ್ಲಿಗೆ ಚಾಚಿದ ಎರಡು ಪೈಪುಗಳ ನಡುವೆ, ಸೀಟಿನ ಕೆಳಗಿಂದ ಇಳಿಯುವ ಪೈಪುಗಳನ್ನು ಕೂಡಿಸುವ ಅಡ್ಡಪಟ್ಟಿಯ ಕೆಳಗೆ, ಮತ್ತು ಫೋರ್ಕಿನ ನೆತ್ತಿಯ ಕೆಳಗೆ. ಹೆಚ್ಚಾಗಿ ಸಿಕ್ಕಿಬೀಳುವುದು ಮೊದಲನೆಯ ಕಡೆ, ಏಕೆಂದರೆ ಆ ಪೈಪುಗಳು ಪೆಡಲಿನ ಕಡೆಗೆ ಹೋದಂತೆ ಕಿರಿದಾಗುತ್ತವೆ, ದೊಡ್ಡ ಚಕ್ರ ಅದೇ ಕಿರಿದಾದ ಭಾಗಕ್ಕೆ ಚಾಚುತ್ತದೆ. ಎಲ್ಲ ಕಡೆಯೂ ಕನಿಷ್ಠ 6 ಮಿ.ಮೀ. ಖಾಲಿ ಉಳಿಯಲಿ. ಕಡ್ಡಿ ಸಡಿಲವಾಗಿ ಚಕ್ರ ಬೆಂಡಾದಾಗ, ಮಳೆಗಾಲದಲ್ಲಿ ಕೆಸರು ಮೆತ್ತಿದಾಗ ಆ ಜಾಗ ಬೇಕಾಗುತ್ತದೆ. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಓಡಿಸುವವರು ಇನ್ನೂ ಹೆಚ್ಚು ಬಿಡಬೇಕು. ಸಸ್ಪೆನ್ಶನ್ ಫೋರ್ಕ್ ಇದ್ದರೆ ಟೈರಿನ ನೆತ್ತಿಯಿಂದ ಫೋರ್ಕಿನ ನೆತ್ತಿಯವರೆಗಿನ ದೂರ ಅಳೆದು, ಅದರಿಂದ ಫೋರ್ಕ್ ಕುಗ್ಗುವ ಪೂರ್ತಿ ಅಳತೆಯನ್ನು ಕಳೆದ ಮೇಲೂ ಅಷ್ಟು ಉಳಿಯಬೇಕು. ಇಲ್ಲವಾದರೆ ದೊಡ್ಡ ಹೊಂಡದಲ್ಲಿ ಚಕ್ರ ಗಕ್ಕನೆ ನಿಲ್ಲುತ್ತದೆ.

ಹಬ್ಬಿನ ಅಗಲವನ್ನು ಮರೆಯುವಂತಿಲ್ಲ. ಹಳೆಯ ಎಂಟಿಬಿಯ ಮುಂದಿನ ಫೋರ್ಕಿನ ಒಳ ಅಂತರ 100 ಮಿ.ಮೀ., ಹಿಂದೆ ಬಹುತೇಕ 135. ರಿಮ್ ಬ್ರೇಕಿನ ರೋಡ್ ಸೈಕಲ್ಲುಗಳ ಹಿಂದಿನ ಹಬ್ 130. ಅದನ್ನು ನಟ್ಟು ಬಿಗಿದು ಪೈಪುಗಳನ್ನೇ ಒಳಕ್ಕೆ ಎಳೆದುಕೊಂಡು ಕೂರಿಸುವುದು ತಪ್ಪು. ಎರಡೂ ಬದಿಗೆ ಎರಡೂವರೆ ಮಿ.ಮೀ. ವಾಷರ್ ಹಾಕಿ, ಬೇಕಿದ್ದರೆ ಉದ್ದನೆಯ ಆಕ್ಸಲ್ ಹಾಕಿಸಬೇಕು. ಉಕ್ಕಿನ ಫ್ರೇಮನ್ನು ಬಲ್ಲವರು ಸ್ವಲ್ಪ ಅಗಲಿಸಬಲ್ಲರು, ಅಲ್ಯೂಮಿನಿಯಂ ಫ್ರೇಮನ್ನು ಮಾತ್ರ ಬಗ್ಗಿಸಲೇಬಾರದು. ಗೇರಿನ ಹಲ್ಲುಚಕ್ರಗಳ ಲೆಕ್ಕವೂ ಇದೆ: ಹಳೆಯ 18 ಅಥವಾ 21 ಗೇರಿನ ಸೈಕಲ್ಲಿನಲ್ಲಿ ಹಿಂದೆ ಆರು ಅಥವಾ ಏಳು ಹಲ್ಲುಚಕ್ರಗಳ ಫ್ರೀವೀಲ್ ಇರುತ್ತದೆ. ಹೊಸ ಚಕ್ರದ ಹಬ್ ಎಂಟು, ಒಂಬತ್ತರದ್ದಾದರೆ ಹಳೆಯ ಶಿಫ್ಟರ್ ಅದರ ಜೊತೆ ಹೊಂದುವುದಿಲ್ಲ. ಚಕ್ರಕ್ಕೆಂದು ತೆಗೆದಿಟ್ಟ ದುಡ್ಡು ಶಿಫ್ಟರ್, ಚೈನು, ಡಿರೇಲರ್ ಎಂದು ಬೆಳೆಯುವುದು ಇಲ್ಲಿಂದಲೇ. ದೊಡ್ಡ ಚಕ್ರ ಗೇರನ್ನೂ ಭಾರ ಮಾಡುತ್ತದೆ: ಹೊರ ವ್ಯಾಸ 667ರಿಂದ 702ಕ್ಕೆ ಏರಿದರೆ ಪ್ರತಿ ಗೇರೂ ಶೇ 5ರಷ್ಟು ಭಾರ. ಬಯಲುಸೀಮೆಯ ಸಪಾಟು ರಸ್ತೆಯಲ್ಲಿ ಗೊತ್ತಾಗದು, ಘಟ್ಟ ಹತ್ತುವವರಿಗೆ ಗೊತ್ತಾಗುತ್ತದೆ.

ಮುಂದೆ ಮಾತ್ರ ಡಿಸ್ಕ್ ಇರುವ ದೊಡ್ಡ ಫೋರ್ಕ್ ಮತ್ತು ದೊಡ್ಡ ಚಕ್ರ ಹಾಕಿ, ಹಿಂದೆ ಹಳೆಯದನ್ನೇ ಉಳಿಸಿಕೊಳ್ಳುವ ಉಪಾಯವೂ ಚಾಲ್ತಿಯಲ್ಲಿದೆ. ಸುಮಾರು 1050 ಮಿ.ಮೀ. ಚಕ್ರಾಂತರದ ಸೈಕಲ್ಲಿನ ಮುಂಭಾಗ 20 ಮಿ.ಮೀ. ಎದ್ದರೆ ಇಡೀ ಫ್ರೇಮು ಒಂದು ಡಿಗ್ರಿಗಿಂತ ತುಸು ಹೆಚ್ಚು ಹಿಂದಕ್ಕೆ ವಾಲುತ್ತದೆ. ಹ್ಯಾಂಡಲ್ ಮಂದವಾಗುತ್ತದೆ, ಸೀಟು ಹಿಂದಕ್ಕೆ ಬಾಗುತ್ತದೆ, ಉದ್ದ ಫೋರ್ಕು ಫ್ರೇಮಿನ ಕತ್ತಿನ ಬೆಸುಗೆಯ ಮೇಲೆ ಹೆಚ್ಚು ಎಳೆತ ಹಾಕುತ್ತದೆ. ಸ್ವಲ್ಪ ಎತ್ತರ ತಡೆಯಬಹುದು, ಹೆಚ್ಚಾದರೆ ಫ್ರೇಮಿಗೆ ಒಳ್ಳೆಯದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಬಲವಾದ ಆಕ್ಷೇಪ ಒಂದಿದೆ: ದೊಡ್ಡ ಚಕ್ರ ಉಬ್ಬುತಗ್ಗನ್ನು ಸಲೀಸಾಗಿ ದಾಟುತ್ತದೆ. ಹೌದು, ದಾಟುತ್ತದೆ. ಎಷ್ಟು ಸಲೀಸು ಎಂದು ಲೆಕ್ಕ ಹಾಕೋಣ. 50 ಮಿ.ಮೀ. ಎತ್ತರದ ಕಲ್ಲಿಗೆ 667ರ ಚಕ್ರ ತಾಗುವ ಕೋನ ಸುಮಾರು 32 ಡಿಗ್ರಿ. 730ರ ಪೂರ್ಣ 29 ಇಂಚಿನ ಚಕ್ರಕ್ಕೆ ಸುಮಾರು 30. ಕಾಡುದಾರಿಯಲ್ಲಿ ಪಂದ್ಯಕ್ಕೆ ಇಳಿಯುವವರಿಗೆ ಆ ವ್ಯತ್ಯಾಸ ಬೆಲೆಯುಳ್ಳದ್ದು, ಅದಕ್ಕೇ ತಯಾರಕರು ದೊಡ್ಡ ಚಕ್ರದ ಕಡೆ ಹೋದರು. ಕೆಲಸಕ್ಕೆ, ಪೇಟೆಗೆ, ಊರಿನ ಸುತ್ತ ಓಡಿಸುವವರಿಗೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಕೊಡುವುದು ಟೈರಿನ ಮೈ. ಹಳೆಯ ಎಂಟಿಬಿ ಡಾಂಬರಿನ ಮೇಲೆ ಎಳೆದಂತೆ ಓಡಲು ಮುಖ್ಯ ಕಾರಣ ಗಟ್ಟಿ ಮುಳ್ಳುಗಳ ದಪ್ಪ ಟೈರು, ಮತ್ತು ಅದರಲ್ಲಿ ಸಾಲದ ಗಾಳಿ. ಅದನ್ನು ತೆಗೆದು 40-559 ಅಥವಾ 47-559ರ ನುಣುಪಾದ ಟೈರು ಹಾಕಿ, ಪಕ್ಕದಲ್ಲಿ ಬರೆದ ಮಿತಿಯೊಳಗೆ ಗಾಳಿ ತುಂಬಿದರೆ, ದೊಡ್ಡ ಚಕ್ರದಿಂದ ನಿರೀಕ್ಷಿಸಿದ ಹಗುರತನದ ಬಹುಪಾಲು ಎರಡು ಟೈರಿನ ಬೆಲೆಯಲ್ಲಿ ಸಿಗುತ್ತದೆ. 26ರ ಕಾಲ ಮುಗಿಯಿತು, ಟೈರೇ ಸಿಗುವುದಿಲ್ಲ ಎಂಬ ಮಾತು ದುಬಾರಿ ಪಂದ್ಯದ ಟೈರುಗಳ ಮಟ್ಟಿಗೆ ಸರಿ. ನಮ್ಮ ದೇಶದಲ್ಲಿ 26 ಇಂಚಿನ ಎಂಟಿಬಿಗಳು ಇಂದಿಗೂ ಹೊಸದಾಗಿ ಮಾರಾಟವಾಗುತ್ತಿವೆ. ಅವುಗಳ ಟೈರು, ಟ್ಯೂಬು ಸಣ್ಣ ಊರಿನ ಸೈಕಲ್ ಶಾಪಿನಲ್ಲೂ ಸಿಗುತ್ತವೆ. ದಾರಿಯಲ್ಲಿ ಪಂಚರ್ ಆದರೆ 584ರ ಟೈರು ಹುಡುಕುವುದೇ ಹೆಚ್ಚು ಕಷ್ಟ.

ಡಿಸ್ಕ್ ಇರುವ ಫ್ರೇಮಿಗೆ 584 ಹಾಕಲು ನಿರ್ಧರಿಸಿದವರು 40ರಿಂದ 47ರ ದಪ್ಪದೊಳಗೆ ಇರಿ, ಹಬ್ಬಿನ ಅಗಲ ಹೊಂದುವ ಚಕ್ರವನ್ನೇ ಆರಿಸಿ. ಸಾಧ್ಯವಿದ್ದರೆ ಅದೇ ಅಳತೆಯ ಚಕ್ರವನ್ನು ಅರ್ಧ ಗಂಟೆಯ ಮಟ್ಟಿಗೆ ಕೇಳಿ ಪಡೆದು ಹಾಕಿ ನೋಡಿದ ಮೇಲೆ ಹಣ ಕೊಡಿ. ಕೂರಿಸಿದ ಮೇಲೆ ಚಕ್ರ ತಿರುಗಿಸಿ ಬೆಂಡು ಇದೆಯೇ ನೋಡಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಪೆಡಲಿನ ಮೇಲಿನ ಪಾದಕ್ಕೆ ತಾಗುತ್ತದೆಯೇ ಪರೀಕ್ಷಿಸಿ. ಸೀಟಿನಿಂದ ಎದ್ದು ಜೋರಾಗಿ ತುಳಿದು ಸ್ವಲ್ಪ ದೂರ ಹೋಗಿ ಬಂದು, ಫ್ರೇಮಿನ ಒಳಬದಿಯಲ್ಲಿ ಟೈರು ಉಜ್ಜಿದ ಗುರುತು ಬಿದ್ದಿದೆಯೇ ಹುಡುಕಿ; ಬಿದ್ದಿದ್ದರೆ ಇನ್ನೂ ತೆಳ್ಳನೆಯ ಟೈರು ಹಾಕಬೇಕು. ಮೀಟರ್ ಇದ್ದರೆ ಅದರಲ್ಲಿ ಚಕ್ರದ ಸುತ್ತಳತೆ ಬದಲಿಸಿ. ವಿ-ಬ್ರೇಕ್ ಅಥವಾ ಕ್ಯಾಂಟಿಲಿವರ್ ಇರುವ ಫ್ರೇಮಿನವರು ಮಾತ್ರ ಹೊಸ ಚಕ್ರದ ಆಸೆ ಬಿಡಿ: 559 ರಿಮ್ಮನ್ನೇ ಉಳಿಸಿಕೊಂಡು, ಒಳ್ಳೆಯ ನುಣುಪು ಟೈರು, ಹೊಸ ಬ್ರೇಕ್ ರಬ್ಬರು, ಹೊಸ ಕೇಬಲ್ ಹಾಕಿಸಿ, ಕಡ್ಡಿ ಬಿಗಿ ಮಾಡಿಸಿ ಸೈಕಲ್ಲನ್ನು ರಸ್ತೆಗೆ ತನ್ನಿ.